ಅಂಗವಿಕಲರ ಮಾಸಾಶನ

ಕಬ್ಬಿನ ಗಾಣದಲ್ಲಿ ಕೈ ಕಳೆದುಕೊಂಡ ಆಳೂ ಕಣ್ಣು ಕಾಣದ ಮುದುಕನೂ ಇಲ್ಲದ ಗ್ರಾಮವು ವಿರಳ. ಇಂಥ ಬಡವರಿಗೆ ಸರ್ಕಾರದ ಮಾಸಾಶನವುಂಟು. 2021ನೆಯ ಇಸವಿಯಲ್ಲಿ ಇದು ಶೇಕಡ 40ರಿಂದ 75ರವರೆಗೆ ವೈಕಲ್ಯವುಳ್ಳವರಿಗೆ 600 ರೂಪಾಯಿಗಳಿಂದ 800ಕ್ಕೂ, 65 ವರ್ಷ ತುಂಬಿದವರ ಸಂಧ್ಯಾ ಸುರಕ್ಷಾ ವೇತನವು 1,000ದಿಂದ 1,200ಕ್ಕೂ ಏರಿತು. ಮೊತ್ತವು ಅಲ್ಪವೇ ಸರಿ. ಆದರೂ ಕೂಲಿಗೆ ಹೋಗಲಾರದವನ ಮನೆಯ ರಾಗಿಗೆ ಅದು ಆಧಾರ.

ತೊಡಕಿರುವುದು ಪ್ರಮಾಣಪತ್ರದಲ್ಲಿ. ವೈಕಲ್ಯವು ಶೇಕಡ 40ಕ್ಕೆ ಕಡಮೆಯೆಂದು ವೈದ್ಯರು ಬರೆದಲ್ಲಿ ಅರ್ಜಿಯು ನಿಲ್ಲಲಾರದು. ಕಣ್ಣಿನ ಪರೀಕ್ಷೆಗೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಸರ್ಕಾರದ ಮಿಂಟೋ ಆಸ್ಪತ್ರೆಯಿದೆ. ಕುರುಡರು ಒಬ್ಬರೇ ಬರಲಾರರಾದ್ದರಿಂದ ಗ್ರಾಮಮುಖ್ಯರು ಜೊತೆಗೊಬ್ಬರನ್ನು ಕಳುಹಿಸತಕ್ಕದ್ದು. ಆದಾಯಪತ್ರಕ್ಕೂ ಮಾಸಾಶನದ ಅರ್ಜಿಗೂ ನಾಡಕಚೇರಿಯೇ ಸ್ಥಳ. ಹಣವು ಖಾತೆಗೆ ಜಮೆಯಾಗುವುದರಿಂದ, ಖಾತೆಯಲ್ಲಿಯೂ ಆಧಾರ್ ಚೀಟಿಯಲ್ಲಿಯೂ ಹೆಸರು ಒಂದೇ ರೀತಿಯಲ್ಲಿದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳತಕ್ಕದ್ದು.