ಒರೆಗಲ್ಲಿಲ್ಲದ ಒರೆ

ಹಳೆಯ ಬಳೆಯನ್ನು ಕೊಟ್ಟರೆ ಅಕ್ಕಸಾಲಿಗನು ಅದನ್ನು ಒರೆಗಲ್ಲಿನ ಮೇಲೆ ತಿಕ್ಕಿ, ಮೂಡಿದ ಗೆರೆಯನ್ನು ನೋಡಿ ಬೆಲೆ ಹೇಳುವುದು ವಾಚಕರಿಗೆ ತಿಳಿದಿರುವುದಷ್ಟೆ. ಆ ಗೆರೆಯೊಡನೆ ಚಿನ್ನದ ಒಂದು ಕಣವೂ ಹೋಗುವುದು. ಬಳೆಗಾದರೆ ಆ ನಷ್ಟವನ್ನು ಸಹಿಸಬಹುದು. ಆದರೆ ಪುರಾತನ ಚಿತ್ರಪಟದಿಂದ ಸಾಸಿವೆಯಷ್ಟು ಬಣ್ಣವನ್ನು ಕೆರೆದರೂ ಅದು ಮರಳಿ ಬಾರದು.

ಈಗ ಅನೇಕ ಆಭರಣದಂಗಡಿಗಳಲ್ಲಿ ಒರೆಗಲ್ಲಿನ ಬದಲು ಒಂದು ಯಂತ್ರವಿರುವುದು. ಅದು ವಸ್ತುವಿನ ಮೇಲೆ ಕ್ಷ-ಕಿರಣಗಳನ್ನು ಬಿಡುತ್ತದೆ. ಆ ಪೆಟ್ಟಿಗೆ ಪರಮಾಣುವಿನ ಒಳಸುತ್ತಿನಿಂದ ಒಂದು ಎಲೆಕ್ಟ್ರಾನು ಹಾರಿಹೋಗಲು, ಹೊರಸುತ್ತಿನದೊಂದು ಆ ತೆರವಿಗೆ ಇಳಿದುಬರುವುದು. ಇಳಿಯುವಾಗ ತಾನೂ ಒಂದು ಕಿರಣವನ್ನು ಹೊರಸೂಸುವುದು. ಚಿನ್ನದ ಕಿರಣದ ಶಕ್ತಿಯೇ ಬೇರೆ, ತಾಮ್ರದ್ದೇ ಬೇರೆ, ಸೀಸದ್ದೇ ಬೇರೆ. ಇದೇ ವಿದ್ಯೆಯ ಯಂತ್ರವನ್ನು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿಯೂ ಮಾಡಿರುವುದರಿಂದ, ವಿಗ್ರಹವನ್ನು ಪ್ರಯೋಗಶಾಲೆಗೆ ಹೊತ್ತುಕೊಂಡು ಹೋಗಬೇಕಾಗಿಲ್ಲ. ಪ್ರಯೋಗಶಾಲೆಯೇ ವಿಗ್ರಹದ ಬಳಿಗೆ ಬರುವುದು.

ಆಮ್‌ಸ್ಟರ್‌ಡ್ಯಾಮ್ ನಗರದ ರೈಕ್ಸ್ ಮ್ಯೂಸಿಯಮ್ಮಿನಲ್ಲಿ ರೆಂಬ್ರಾಂಟನು 1642ರಲ್ಲಿ ಮುಗಿಸಿದ ‘ಇರುಳ ಪಹರೆ’ ಎಂಬ ಚಿತ್ರವಿದೆ. (ನಿಜವಾಗಿ ಅದು ಇರುಳಿನ ಚಿತ್ರವಲ್ಲ, ವಾರ್ನಿಷು ಕಪ್ಪಾದುದರಿಂದ ಬಂದ ಹೆಸರು.) ಎತ್ತರ ಸುಮಾರು 3.8 ಮೀಟರು, ಅಗಲ 4.5 ಮೀಟರು. ಇಂಥದನ್ನು ಸ್ಥಳಾಂತರಿಸುವುದೆಂದರೆ ಎದೆ ನಡುಗುವ ಮಾತು. 1715ರಲ್ಲಿ ನಗರಸಭಾ ಮಂದಿರಕ್ಕೆ ಒಯ್ದಾಗ ಗೋಡೆಗೆ ಹಿಡಿಸದೆಂದು ನಾಲ್ಕು ಅಂಚುಗಳನ್ನೂ ಕತ್ತರಿಸಿಬಿಟ್ಟಿದ್ದರು! ಆದಕಾರಣ 2019ರ ಜುಲೈಯಲ್ಲಿ ಪರೀಕ್ಷೆಯನ್ನು ಪ್ರಾರಂಭಿಸಿದಾಗ ಚಿತ್ರವನ್ನು ಮ್ಯೂಸಿಯಮ್ಮಿನೊಳಗೇ ಉಳಿಸಿಕೊಂಡು, ಅದರ ಸುತ್ತಲೂ ಗಾಜಿನ ಕೋಣೆಯನ್ನು ಕಟ್ಟಿ, ನೋಡಬಂದವರ ಕಣ್ಣೆದುರಿಗೇ ಕ್ಷ-ಕಿರಣ ಯಂತ್ರವನ್ನು ಅಂಗುಲ ಅಂಗುಲವಾಗಿ ನಡೆಸಿದರು.

ಫಲವು ಸ್ವಾರಸ್ಯವಾಗಿದೆ. ಸುಣ್ಣದ ಮೂಲಧಾತುವಾದ ಕ್ಯಾಲ್ಸಿಯಮ್ಮು ಎಲ್ಲೆಲ್ಲಿ ಇದೆಯೆಂಬುದರ ನಕ್ಷೆಯನ್ನು ತೆಗೆಯಲು, ಸೀಮೆಸುಣ್ಣ ಬೆರೆತ ಬಣ್ಣದಿಂದ ರೆಂಬ್ರಾಂಟನು ಮೊದಲು ಬರೆದಿದ್ದ ಕರಡು ಮೇಲುಬಣ್ಣದಡಿಯಿಂದ ಎದ್ದುಬಂದಿತು. ಒಬ್ಬ ಪಹರೆಯವನ ಶಿರಸ್ತ್ರಾಣದಲ್ಲಿ ಮೊದಲು ಗರಿಗಳಿದ್ದುವು; ಚಿತ್ರಕಾರನು ಮನಸ್ಸು ಬದಲಾಯಿಸಿ ಅವುಗಳನ್ನು ಬಣ್ಣದಿಂದ ಮುಚ್ಚಿಬಿಟ್ಟಿದ್ದನು.

ಆದರೆ ಈ ಯಂತ್ರವು ಧಾತುವಿನ ಹೆಸರನ್ನು ಹೇಳುವುದೇ ಹೊರತು, ಅದು ಯಾವ ಸಂಯೋಗದಲ್ಲಿದೆಯೆಂದು ಹೇಳದು. ಲೆಫ್ಟಿನೆಂಟನ ಹೊಂಬಣ್ಣದ ಉಡುಪಿನಲ್ಲಿ ಆರ್ಸೆನಿಕ್ಕೂ ಗಂಧಕವೂ ತೋರಿದುವು. ಹರಿದಳವೇ? ಮನಃಶಿಲೆಯೇ? ಇಲ್ಲಿ ನೆರವಾದುದು ನಮ್ಮ ಸರ್ ಸಿ. ವಿ. ರಾಮನ್ನರ ಪರಿಣಾಮ. 1928ರಲ್ಲಿ ಕಲ್ಕತ್ತೆಯಲ್ಲಿ ಅದನ್ನು ಕಂಡುಹಿಡಿದು, 1933ರಲ್ಲಿ ಬೆಂಗಳೂರಿಗೆ ಬಂದು ಇಲ್ಲಿಯೇ ನೆಲಸಿದ ಆ ಮಹನೀಯರ ಹೆಸರು ರೆಂಬ್ರಾಂಟನ ಬಣ್ಣದ ವಿಚಾರದಲ್ಲಿ ಬರುವುದು ನಮಗೆ ಹೆಮ್ಮೆಯೇ ಸರಿ. ಬೆಳಕು ಅಣುವಿಗೆ ತಾಗಿ ಚದರುವಾಗ ಅದರ ಬಣ್ಣದಲ್ಲಿ ಆಗುವ ಅಲ್ಪ ವ್ಯತ್ಯಾಸದಿಂದ ಅಣುವಿನ ಗುರುತು ಸಿಕ್ಕುವುದು. ಪರೀಕ್ಷಿಸಲಾಗಿ ಅದು ಪ್ಯಾರಾರಿಯಾಲ್ಗರ್ ಎಂಬ, ಮನಃಶಿಲೆಗೆ ಹತ್ತಿರದ ಹಳದಿ ವಸ್ತುವೆಂದು ತಿಳಿದು, 2024ರಲ್ಲಿ ಪ್ರಕಟವಾಯಿತು. ಇದಕ್ಕಾಗಿ ಅತಿಸೂಕ್ಷ್ಮವಾದ ಕಣಗಳನ್ನು ತೆಗೆಯಲೇಬೇಕಾಯಿತೆಂಬುದನ್ನು ಮುಚ್ಚಿಡಬಾರದು. ಆದರೆ ಎಲ್ಲಿಂದ ತೆಗೆಯಬೇಕೆಂಬುದನ್ನು ಕ್ಷ-ಕಿರಣದ ನಕ್ಷೆಯು ಮೊದಲೇ ತಿಳಿಸಿದ್ದರಿಂದ, ಕುರುಡಾಗಿ ಕೆರೆಯುವುದು ತಪ್ಪಿತು.

ಅದೇ ವರ್ಷದ ನವೆಂಬರಿನಲ್ಲಿ, ಆ ಗಾಜಿನ ಕೋಣೆಯಲ್ಲಿಯೇ, ಹಳೆಯ ವಾರ್ನಿಷನ್ನು ತೆಗೆಯುವ ಕೆಲಸಕ್ಕೆ ಕೈಹಚ್ಚಿದರು.