ಜೀವಕೋಶದ ದುರಸ್ತಿಯೂ ಮುಪ್ಪಿನ ವ್ಯಾಧಿಯೂ

ಮುಪ್ಪು ಸೃಷ್ಟಿಯ ನಿಯಮವು. ಆದರೆ ಮುಪ್ಪಿನಲ್ಲಿ ತೋರುವ ಸಕಲ ದೌರ್ಬಲ್ಯಗಳನ್ನೂ ‘ವಯಸ್ಸಾಯಿತು’ ಎಂಬ ಒಂದೇ ಮಾತಿನಿಂದ ತೀರಿಸಿಬಿಡುವುದು ಯುಕ್ತವಲ್ಲ. ಸುಮ್ಮನೆ ಕುಳಿತಿರುವಾಗಲೂ ಹಿರಿಯರ ಬೆರಳು ನಡುಗುವುದು, ಹೆಜ್ಜೆ ಕಿರಿದಾಗುವುದು, ಸೀರೆಯ ನೆರಿಗೆ ಹಿಡಿಯುವುದು ಕಷ್ಟವಾಗುವುದು, ಬರೆಯುವ ಅಕ್ಷರವು ಸಣ್ಣದಾಗುತ್ತ ಹೋಗುವುದು, ಇವನ್ನು ತೋಡಾರು, ಮೂಡಬಿದಿರೆಗಳ ಮನೆಗಳಲ್ಲಿಯೂ ವಾಚಕರು ಕಂಡಿರಬಹುದು. ಈ ವ್ಯಾಧಿಯನ್ನು 1817ರಲ್ಲಿ ಲಂಡನಿನ ವೈದ್ಯರಾದ ಜೇಮ್ಸ್ ಪಾರ್ಕಿನ್ಸನರು ವಿವರಿಸಿದ್ದರಿಂದ ಅದಕ್ಕೆ ಅವರ ಹೆಸರೇ ನಿಂತಿತು. ಅದರ ಕಾರಣಗಳಲ್ಲೊಂದನ್ನು ಇಲ್ಲಿ ತಿಳಿಸಲು ಯತ್ನಿಸುವೆವು.

ಕೆಂಪು ರಕ್ತಕಣಗಳ ಹೊರತು ನಮ್ಮ ದೇಹದ ಬಹುಮಟ್ಟಿಗೆ ಎಲ್ಲ ಜೀವಕೋಶಗಳಲ್ಲಿಯೂ ಮೈಟೋಕಾಂಡ್ರಿಯಗಳೆಂಬ ಸೂಕ್ಷ್ಮ ಅಂಗಗಳುಂಟು. ಉಂಡ ಅನ್ನದಿಂದಲೂ ಉಸಿರಾಡಿದ ಗಾಳಿಯಿಂದಲೂ ಶಕ್ತಿಯನ್ನು ಒದಗಿಸುವ ಒಲೆಗಳು ಇವೇ. ಇವು ನಮಗೆ ತಾಯಿಯಿಂದ ಬರುವುವು. ಇವುಗಳ ಕೆಲಸಕ್ಕೆ ಸಾವಿರಕ್ಕಿಂತಲೂ ಹೆಚ್ಚು ಬಗೆಯ ಪ್ರೋಟೀನುಗಳು ಬೇಕು. ಅವುಗಳಲ್ಲಿ 13 ಮಾತ್ರ ಒಳಗೇ ತಯಾರಾಗುವುವು. ಉಳಿದವು ಹೊರಗೆ ತಯಾರಾಗಿ, ನೂಲಿನಂತೆ ಬಿಡಿಸಿಕೊಂಡು ಇಕ್ಕಟ್ಟಾದ ದ್ವಾರಗಳಿಂದ ಒಳಹೊಕ್ಕು, ಅಲ್ಲಿ ತಕ್ಕ ರೂಪಕ್ಕೆ ಮಡಚಿಕೊಳ್ಳಬೇಕು. ಒಲೆಯಿದ್ದಲ್ಲಿ ಹೊಗೆ ತಪ್ಪದು. ಶಕ್ತಿಯೊಡನೆ ಹುಟ್ಟುವ ಕೆಲವು ತೀಕ್ಷ್ಣ ದ್ರವ್ಯಗಳು ಈ ಪ್ರೋಟೀನುಗಳನ್ನೇ ಕೆಡಿಸುವುವು.

ಮಳೆಗಾಲಕ್ಕೆ ಮುಂಚೆ ನಮ್ಮವರು ಹಂಚಿನ ಮಾಡನ್ನು ಹತ್ತಿ ನೋಡುವ ಪದ್ಧತಿಯನ್ನು ಇಲ್ಲಿ ನೆನೆಯಬಹುದು. ಜಾರಿದ ಹಂಚನ್ನು ಸರಿಪಡಿಸುವರು, ಒಡೆದುದನ್ನು ತೆಗೆದುಹಾಕುವರು, ಪಕ್ಕಾಸು ರೀಪುಗಳೇ ಗೆದ್ದಲು ಹಿಡಿದಿದ್ದರೆ ಆ ಭಾಗವನ್ನೇ ಕೀಳಿಸುವರು. ಜೀವಕೋಶದಲ್ಲಿಯೂ ಹೀಗೆಯೇ ಮೂರು ಕ್ರಮಗಳುಂಟು. ಕೆಲವು ಪ್ರೋಟೀನುಗಳು ಇತರ ಪ್ರೋಟೀನುಗಳನ್ನು ಸರಿಯಾಗಿ ಮಡಚುವುವು. ಕೆಲವು ಕೆಟ್ಟವನ್ನು ಕತ್ತರಿಸಿಹಾಕುವುವು. ಪೂರಾ ಕೆಟ್ಟ ಮೈಟೋಕಾಂಡ್ರಿಯವನ್ನು ಜೀವಕೋಶವು ತಾನೇ ಜೀರ್ಣಿಸಿಕೊಳ್ಳುವುದು.

ಮೊದಲನೆಯ ಕ್ರಮದ ವಿಷಯದಲ್ಲಿ ನಮ್ಮ ನಾಡಿನಲ್ಲಿಯೇ ಸಂಶೋಧನೆ ನಡೆದಿದೆ. ಮಡಚುವ ಪ್ರೋಟೀನುಗಳಲ್ಲಿ ಮಾರ್ಟಾಲಿನ್ ಮುಖ್ಯವಾದುದು. ಯುರೋಪಿನ ಕೆಲವು ಪಾರ್ಕಿನ್ಸನ್ ರೋಗಿಗಳಲ್ಲಿ ಅದರ ರಚನೆಯು ಅಲ್ಪವಾಗಿ ಬದಲಾಗಿದ್ದುದು ಕಂಡುಬಂದಿತು. 1909ರಲ್ಲಿ ಸ್ಥಾಪಿತವಾದ, ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನರು ಕರೆಯುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಪ್ಯಾಟ್ರಿಕ್ ಡಿಸಿಲ್ವರೂ ಸಂಗಡಿಗರೂ ಅಂಥ ಬದಲಾವಣೆಗಳನ್ನು ಯೀಸ್ಟಿನ ಪ್ರೋಟೀನಿನಲ್ಲಿ ಉಂಟುಮಾಡಿ ಪರೀಕ್ಷಿಸಿದರು. ಸಣ್ಣಗಳ ಹಿಟ್ಟನ್ನು ಉಬ್ಬಿಸುವ ಕಳ್ಳಿನಲ್ಲಿರುವ ಯೀಸ್ಟಿಗೂ ನಮಗಿರುವಂತೆಯೇ ಮೈಟೋಕಾಂಡ್ರಿಯಗಳುಂಟು. 2012ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಈ ಬದಲಾವಣೆಗಳಿಂದ ಪ್ರೋಟೀನಿನ ಸ್ಥಿರತೆಯೂ ಅದರ ಸಹಾಯಕ ಪ್ರೋಟೀನುಗಳೊಡನಿರುವ ಹೊಂದಿಕೆಯೂ ಕೆಟ್ಟು, ಮೈಟೋಕಾಂಡ್ರಿಯದ ಕಾರ್ಯವೇ ಕುಂದಿತು.

ಮೂರನೆಯ ಕ್ರಮಕ್ಕೂ ಈ ರೋಗಕ್ಕೂ ಸಂಬಂಧವುಂಟು. ಚಿಕ್ಕ ವಯಸ್ಸಿನಲ್ಲಿಯೇ ರೋಗ ತಗಲಿದ ಕುಟುಂಬಗಳಲ್ಲಿ 1998ರಲ್ಲಿ ಪಾರ್ಕಿನ್, 2004ರಲ್ಲಿ ಪಿಂಕ್-1 ಎಂಬ ಜೀನುಗಳ ದೋಷವು ತಿಳಿದುಬಂದಿತು. ಮೈಟೋಕಾಂಡ್ರಿಯವು ಕೆಟ್ಟಾಗ ಪಿಂಕ್-1 ಅದರ ಹೊರಮೈಯಲ್ಲಿ ಶೇಖರವಾಗಿ ಪಾರ್ಕಿನನ್ನು ಕರೆಯುವುದು, ಪಾರ್ಕಿನ್ ಅದಕ್ಕೆ ಗುರುತು ಹಚ್ಚುವುದು, ಬಳಿಕ ವಿಲೇವಾರಿಯಾಗುವುದು. ಇವೆರಡರಲ್ಲೊಂದು ಇಲ್ಲದಿದ್ದರೆ ಕಸವು ಉಳಿಯುವುದು. ವಯಸ್ಸಾದಂತೆ ಎಲ್ಲರಲ್ಲಿಯೂ ಈ ದುರಸ್ತಿಯು ಮಂದವಾಗುವುದು. ಚಲನೆಯನ್ನು ನಡಿಸುವ ಮಿದುಳಿನ ಕೆಲವು ನರಕೋಶಗಳಿಗೆ ಬಹಳ ಶಕ್ತಿ ಬೇಕು. ಸತ್ತವುಗಳ ಸ್ಥಾನಕ್ಕೆ ಹೊಸವು ಹುಟ್ಟಲಾರವು. ಆದುದರಿಂದ ಪೆಟ್ಟು ಮುಖ್ಯವಾಗಿ ಅವುಗಳಿಗೇ ಬೀಳುವುದು.

ಇದೊಂದೇ ರೋಗದ ಕಾರಣವೆಂದು ತಿಳಿಯಕೂಡದು. ಈ ದುರಸ್ತಿಯನ್ನು ಮರಳಿ ನಿಲ್ಲಿಸಿ ರೋಗವನ್ನು ತಡೆಯುವ ಔಷಧವು ಇನ್ನೂ ಕೈಸೇರಿಲ್ಲ; ಹಾಗೆಂದು ಸಾರಿ ಮಾರುವವರನ್ನು ನಂಬಬಾರದು. ಲೆವೊಡೋಪಾ ಎಂಬ ಮದ್ದು ಬಿಗಿತವನ್ನೂ ನಿಧಾನವನ್ನೂ ಬಹುಮಂದಿಗೆ ಕಡಿಮೆಮಾಡುವುದು. ಆದರೆ ರೋಗವನ್ನು ನಿಲ್ಲಿಸದು. ನಿತ್ಯದ ವ್ಯಾಯಾಮವು ಸ್ನಾಯುಗಳಲ್ಲಿ ಮೈಟೋಕಾಂಡ್ರಿಯಗಳನ್ನು ಹೆಚ್ಚಿಸುವುದಲ್ಲದೆ ರೋಗಿಗಳ ನಡಿಗೆಗೂ ಸಹಾಯಕವು.

ಹೆತ್ತವರನ್ನು ಗೌರವಿಸಬೇಕೆಂದು ನಾವು ಶಾಲೆಯಲ್ಲಿ ಕಲಿತೆವು. ಕೈ ನಡುಗುವ ತಾಯಿಯನ್ನು ಬೇಗ ಬೇಗ ನಡೆಯೆಂದು ಗದರಿಸದಿರುವುದೂ, ಇದು ಮುಪ್ಪಷ್ಟೇ ಎಂದು ಕೈಬಿಡದೆ ನರರೋಗ ವೈದ್ಯರ ಬಳಿಗೆ ಕರೆದೊಯ್ಯುವುದೂ ಆ ಗೌರವದಲ್ಲಿ ಸೇರಿವೆ. ಅವರ ನಿಧಾನವು ಹಠವಲ್ಲ, ಸೋಮಾರಿತನವಲ್ಲ. ಕಣ್ಣಿಗೆ ಕಾಣದ ಕೋಶಗಳಲ್ಲಿ ನಡೆಯುವ ವ್ಯಾಧಿಯ ಫಲವೆಂಬುದನ್ನು ಮನೆಯವರೆಲ್ಲರೂ ಅರಿತಿರತಕ್ಕದ್ದು.