ಪುಕ್ಕಟೆ ಕರೆಂಟಿನ ನೀರಿಗೆ ಬೆಲೆ ತೆರುವವರು ಯಾರು?

ಮೂರು ಫೇಸ್ ಕರೆಂಟು ಯಾವಾಗ ಬರುತ್ತದೆಂಬ ಭರವಸೆಯಿಲ್ಲದ ಊರುಗಳಲ್ಲಿ ರೈತರು ಪಂಪ್‌ಸೆಟ್ಟಿಗೆ ಆಟೋ ಸ್ಟಾರ್ಟರ್ ಜೋಡಿಸಿಟ್ಟಿರುತ್ತಾರೆ. ನಡುರಾತ್ರಿ ಕರೆಂಟು ಬಂದರೆ ಮೋಟಾರು ತಾನಾಗಿಯೇ ಓಡತೊಡಗುತ್ತದೆ. ಕರೆಂಟು ಹೋಗುವವರೆಗೂ ನೀರು ಹರಿಯುತ್ತದೆ. ಬೆಳೆಗೆ ಸಾಕಾಯಿತೆ, ಹೆಚ್ಚಾಯಿತೆ ಎಂದು ನೋಡಲು ಆ ಹೊತ್ತಿನಲ್ಲಿ ಗದ್ದೆಯಲ್ಲಿ ಯಾರೂ ಇರುವುದಿಲ್ಲ. ಇದನ್ನು ರೈತರ ಅಲಕ್ಷ್ಯ ಎಂದು ದೂರುವುದು ಸುಲಭ. ಆದರೆ ಇದು ನಾವೇ ರೂಪಿಸಿಕೊಂಡ ನೀತಿಗೆ ರೈತ ಕೊಡುವ ಸಹಜವಾದ ಉತ್ತರ.

ಕರ್ನಾಟಕದಲ್ಲಿ 10 ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ವಿದ್ಯುತ್ತು ಉಚಿತ. ಉಚಿತ ಎಂದರೆ ಖರ್ಚಿಲ್ಲ ಎಂದಲ್ಲ. ರೈತನ ಪರವಾಗಿ ಸರ್ಕಾರ ವಿದ್ಯುತ್ ಸರಬರಾಜು ಕಂಪನಿಗಳಿಗೆ ಸಹಾಯಧನ ಕೊಡುತ್ತದೆ. ಆ ಹಣ ತೆರಿಗೆಯ ಬೊಕ್ಕಸದಿಂದ ಬರಬೇಕು. ಹೆಚ್ಚಿನ ಪಂಪ್‌ಸೆಟ್ಟುಗಳಿಗೆ ಮೀಟರಿಲ್ಲವಾದ್ದರಿಂದ ಬಳಕೆಯಾದ ಯೂನಿಟ್ಟುಗಳನ್ನು ಅಂದಾಜಿನಿಂದಲೇ ಲೆಕ್ಕ ಹಾಕಬೇಕಾಗುತ್ತದೆ. ಅಂದಾಜು ಇರುವಲ್ಲಿ ಸೋರಿಕೆಯೂ ಕಳವೂ ಅಡಗಿಕೊಳ್ಳಲು ಜಾಗವಿರುತ್ತದೆ.

ಇನ್ನು ವಿಜ್ಞಾನದ ಲೆಕ್ಕ. ಒಂದು ಎಕರೆಗೆ ಒಂದು ಅಂಗುಲ ನೀರು ನಿಲ್ಲಿಸಲು ಸುಮಾರು 1,03,000 ಲೀಟರು ಬೇಕು. ಅಷ್ಟನ್ನು 100 ಮೀಟರು ಆಳದಿಂದ ಎತ್ತಲು ಕನಿಷ್ಠ 28 ಯೂನಿಟ್ ವಿದ್ಯುತ್ತು ಬೇಕು. ಪಂಪು, ಮೋಟಾರು, ಪೈಪುಗಳಲ್ಲಿ ನಷ್ಟವಾಗಿ ಮೂರನೆಯ ಒಂದು ಭಾಗದಷ್ಟು ಶಕ್ತಿ ಮಾತ್ರ ಕೆಲಸಕ್ಕೆ ಬಂತು ಎಂದಿಟ್ಟುಕೊಂಡರೆ 84 ಯೂನಿಟ್. ನೀರು 300 ಮೀಟರಿಗೆ ಇಳಿದರೆ ಅದೇ ಒಂದು ಅಂಗುಲಕ್ಕೆ 252 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ 588 ರೂಪಾಯಿಯ ನೀರು 1,764 ರೂಪಾಯಿಯದಾಗುತ್ತದೆ. ಫಸಲು ಮಾತ್ರ ಅಷ್ಟೇ. ಹೀಗೆ ಅಂತರ್ಜಲ ಇಳಿದಷ್ಟೂ ಸಹಾಯಧನ ಏರುತ್ತದೆ. ಸಹಾಯಧನ ಇರುವುದರಿಂದ ಇಳಿಯುತ್ತಿರುವ ನೀರಿನ ಎಚ್ಚರಿಕೆ ರೈತನ ಬಿಲ್ಲಿನಲ್ಲಿ ಕಾಣಿಸುವುದೇ ಇಲ್ಲ.

ನಮ್ಮ ರಾಜ್ಯದ ಬಹುಭಾಗ ಗಟ್ಟಿ ಕಲ್ಲಿನ ನೆಲ. ಮೇಲಿನ ಶಿಥಿಲ ಪದರ ಮತ್ತು ಬಂಡೆಯ ಬಿರುಕುಗಳಲ್ಲಷ್ಟೇ ನೀರು ನಿಲ್ಲುತ್ತದೆ. ಅಕ್ಕಪಕ್ಕದ ಹೊಲಗಳ ಕೊಳವೆಬಾವಿಗಳು ಹಲವು ವೇಳೆ ಒಂದೇ ಬಿರುಕಿನಿಂದ ನೀರೆಳೆಯುತ್ತವೆ. ನಾನು ಉಳಿಸಿದ ನೀರು ನೆರೆಯವನ ಪಾಲಾಗುವುದಾದರೆ ನಾನೇಕೆ ಉಳಿಸಲಿ ಎಂದು ಪ್ರತಿಯೊಬ್ಬನೂ ಯೋಚಿಸುತ್ತಾನೆ. ಮೊದಲು ಬತ್ತುವುದು ತೆರೆದ ಬಾವಿ, ಆಮೇಲೆ ಆಳ ಕಡಿಮೆಯಿರುವ ಕೊಳವೆಬಾವಿ. ಮತ್ತೆ ಕೊರೆಸಲು ಹಣವುಳ್ಳವನು ಉಳಿಯುತ್ತಾನೆ. ಸಣ್ಣ ಹಿಡುವಳಿದಾರ ಸಾಲದಲ್ಲಿ ಬೀಳುತ್ತಾನೆ. ಬಾವಿಯೇ ಇಲ್ಲದ ಖುಷ್ಕಿ ರೈತನಿಗೆ, ಕೂಲಿಗೆ ಈ ಸಹಾಯಧನದಲ್ಲಿ ಒಂದು ಕಾಸೂ ಇಲ್ಲ. ಬಡವರ ಹೆಸರಿನ ನೀತಿ ಹೆಚ್ಚು ನೀರೆತ್ತುವವನಿಗೇ ಹೆಚ್ಚು ಕೊಡುತ್ತದೆ. ಅಂತರ್ಜಲ ಬರಿದಾದ ಕೋಲಾರ ಜಿಲ್ಲೆಯ ಕೆರೆಗಳಿಗೆ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಪಂಪು ಮಾಡಿ ತುಂಬಿಸಲಾಗುತ್ತಿದೆ. ಕಳೆದುಕೊಂಡ ನೀರನ್ನು ಹಿಂದೆ ತರಲು ಮತ್ತೆ ವಿದ್ಯುತ್ತೇ ಬೇಕಾಯಿತು.

ಹಾಗಾದರೆ ನಾಳೆಯೇ ದರ ವಿಧಿಸಿಬಿಡೋಣವೆ? ರೈತರ ಪ್ರಶ್ನೆಯಲ್ಲೂ ನ್ಯಾಯವಿದೆ. ಕಾಲುವೆಯ ಕೆಳಗಿನ ರೈತನಿಗೆ ಸರ್ಕಾರದ ಖರ್ಚಿನಲ್ಲಿ ಅಣೆಕಟ್ಟಿನ ನೀರು ಬರುತ್ತದೆ; ಬಯಲುಸೀಮೆಯವನು ಬಾವಿಯನ್ನೂ ತಾನೇ ಕೊರೆಸಬೇಕು. ಬೆಳೆಗೆ ಖಚಿತವಾದ ಬೆಲೆಯೂ ಇಲ್ಲ. ಸಹಾಯಧನವನ್ನು ಕಿತ್ತುಕೊಳ್ಳದೆ ಅದನ್ನು ಕೊಡುವ ರೀತಿಯನ್ನು ಬದಲಿಸುವ ಪ್ರಯತ್ನಗಳು ಈ ಕಾರಣದಿಂದಲೇ ಗಮನಾರ್ಹ. 2003ರಲ್ಲಿ ಆರಂಭವಾದ ಗುಜರಾತಿನ ಜ್ಯೋತಿಗ್ರಾಮ ಯೋಜನೆ ಕೃಷಿಗೆ ಬೇರೆ ಫೀಡರು ಎಳೆದು, ನಿಗದಿತ ಗಂಟೆಗಳಲ್ಲಿ ಒಳ್ಳೆಯ ವೋಲ್ಟೇಜಿನ ವಿದ್ಯುತ್ತು ಕೊಟ್ಟಿತು. ಪಂಜಾಬು 2018ರಲ್ಲಿ ಆರಂಭಿಸಿದ ಯೋಜನೆಯಲ್ಲಿ ರೈತನಿಗೆ ಇಂತಿಷ್ಟು ಯೂನಿಟ್ ಎಂದು ಗೊತ್ತುಮಾಡಿ, ಅದರಲ್ಲಿ ಉಳಿಸಿದ ಪ್ರತಿ ಯೂನಿಟ್ಟಿಗೆ 4 ರೂಪಾಯಿ ಕೊಡುವ ಏರ್ಪಾಡಾಯಿತು. ಇಲ್ಲಿ ರೈತ ಕೈಯಿಂದ ಏನನ್ನೂ ತೆರುವುದಿಲ್ಲ. ಆದರೆ ನೀರಿಗೊಂದು ಬೆಲೆಯಿದೆ ಎಂಬುದು ಅವನ ಕಣ್ಣಿಗೆ ಬೀಳುತ್ತದೆ.

ಸೌರ ಪಂಪೇ ಪರಿಹಾರ ಎನ್ನುವವರೂ ಇದ್ದಾರೆ. ಬಿಸಿಲಿಗೆ ಬಿಲ್ಲಿಲ್ಲ, ಕಲ್ಲಿದ್ದಲೂ ಉಳಿಯುತ್ತದೆ. ಆದರೆ ನೀರಿನ ಮಟ್ಟಿಗೆ ಅದೂ ಪುಕ್ಕಟೆ ವಿದ್ಯುತ್ತೇ. ಹೆಚ್ಚುವರಿ ವಿದ್ಯುತ್ತನ್ನು ಜಾಲಕ್ಕೆ ಮಾರುವ ಅವಕಾಶ ಸಿಕ್ಕಾಗಲಷ್ಟೇ ಪಂಪು ನಿಲ್ಲಿಸುವುದರಲ್ಲಿ ಲಾಭ ಕಾಣುತ್ತದೆ. ಕನಕಪುರದಲ್ಲಿ ಪ್ರಯೋಗಿಸಿದ ಸೂರ್ಯ ರೈತ ಯೋಜನೆಯ ಹಿಂದೆ ಇದ್ದದ್ದು ಈ ಆಲೋಚನೆ. ಹನಿ ನೀರಾವರಿಯೂ ಅಷ್ಟೇ: ಉಳಿದ ನೀರಿನಲ್ಲಿ ಇನ್ನೊಂದು ಎಕರೆ ಬೆಳೆದರೆ ನೆಲದೊಳಗೆ ಉಳಿಯುವುದೇನೂ ಇಲ್ಲ.

ಕರ್ನಾಟಕದಲ್ಲಿ 2011ರ ಅಂತರ್ಜಲ ಕಾಯಿದೆ ಇದೆ. ಆದರೆ ಲಕ್ಷಾಂತರ ಬಾವಿಗಳ ಬಳಿ ಇನ್‌ಸ್ಪೆಕ್ಟರನ್ನು ನಿಲ್ಲಿಸಲಾಗದು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನೋರ್ ಆಸ್ಟ್ರಮ್ ಕ್ಯಾಲಿಫೋರ್ನಿಯದ ಅಂತರ್ಜಲದಿಂದಲೇ ತಮ್ಮ ಸಂಶೋಧನೆ ಆರಂಭಿಸಿದವರು. ಬಳಕೆದಾರರೇ ಅಳೆದು, ನಿಯಮ ಮಾಡಿ, ಒಬ್ಬರನ್ನೊಬ್ಬರು ಗಮನಿಸಿದರೆ ಹಂಚಿಕೆಯ ಸಂಪತ್ತು ಉಳಿಯಬಲ್ಲದೆಂದು ತೋರಿಸಿದರು. ಆಂಧ್ರದ ಬರಪೀಡಿತ ಹಳ್ಳಿಗಳಲ್ಲಿ ರೈತರೇ ಮಳೆ ಮತ್ತು ಬಾವಿಯ ನೀರಿನ ಮಟ್ಟ ಅಳೆದು, ಹಿಂಗಾರಿಗೆ ಮುನ್ನ ಒಟ್ಟಿಗೆ ಕೂತು ಬೆಳೆಯ ಲೆಕ್ಕ ಹಾಕಿದ ಉದಾಹರಣೆಯೂ ಇದೆ. ಅವರು ಬಳಸಿದ್ದು ಮಳೆಮಾಪಕ, ಅಳತೆಯ ದಾರ ಮತ್ತು ಊರಿನ ಗೋಡೆಯ ಮೇಲೆ ಎಲ್ಲರೂ ಓದಬಹುದಾದ ಒಂದು ಲೆಕ್ಕ. ಮೀಟರಿನ ಮಾತು ಎತ್ತುವ ಮೊದಲು ನಮ್ಮ ಗ್ರಾಮಸಭೆಗಳು ಇಷ್ಟನ್ನು ಆರಂಭಿಸಬಹುದು.